ದೋಷವಿಲ್ಲದವರು

ಅಂಬರನಾಥದ ಒಂದು ಔಷಧಿ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ನಾನು ಮಾಡಿದ ಕೆಲಸ ಒಂದೇ: ದೋಷ ಹುಡುಕುವುದು. ಅಂಚು ಮುರಿದ ಮಾತ್ರೆ, ಬಣ್ಣ ಮಾಸಿದ ಮಾತ್ರೆ, ಮಾತ್ರೆಯೇ ಇಲ್ಲದ ಸ್ಟ್ರಿಪ್ ಕಣ್ಣಿಗೆ ಬಿದ್ದರೆ ತೆಗೆದು ರಿಜೆಕ್ಟ್ ಡಬ್ಬಿಗೆ ಹಾಕುವುದು. ಸಂಜೆ ಲೋಕಲ್ ಹಿಡಿದು ಡೊಂಬಿವಲಿಯ ಮನೆ ಸೇರಿದ ಮೇಲೂ ಆ ಕಣ್ಣು ಮುಚ್ಚುತ್ತಿರಲಿಲ್ಲ.

ನಮ್ಮದು ಬೀದರ್ ಕಡೆಯ ಮೆಥೋಡಿಸ್ಟ್ ಕುಟುಂಬ. ಅವ್ವನ ಹಳೆಯ ಸತ್ಯವೇದದಲ್ಲಿ ಮತ್ತಾಯನ ಐದನೆಯ ಅಧ್ಯಾಯದ ಕೊನೆಯ ವಚನಕ್ಕೆ ನಾನು ಹರೆಯದಲ್ಲೇ ಗೆರೆ ಎಳೆದಿದ್ದೆ. ಪರಲೋಕದ ತಂದೆಯ ಹಾಗೆ ನೀವೂ ದೋಷವಿಲ್ಲದವರಾಗಬೇಕು ಎಂದು ಯೇಸು ಹೇಳುವ ವಚನ ಅದು. ನಾನು ಅದನ್ನು ಅಕ್ಷರಶಃ ಹಿಡಿದೆ. ಕುಡಿಯಲಿಲ್ಲ, ಸುಳ್ಳು ಹೇಳಲಿಲ್ಲ, ಸಂಬಳದ ದಶಮಾಂಶ ತಪ್ಪಿಸಲಿಲ್ಲ, ಭಾನುವಾರದ ಆರಾಧನೆ ಬಿಡಲಿಲ್ಲ.

ತಮ್ಮ ಹಾಗಿರಲಿಲ್ಲ. ಅವ್ವನ ಕಣ್ಣಿನ ಆಪರೇಷನ್‌ಗೆಂದು ಕೂಡಿಟ್ಟ ಹಣವನ್ನು ಒಮ್ಮೆ ಕುಡಿದು ಮುಗಿಸಿದ. ನನ್ನ ಹೊಸ್ತಿಲು ತುಳಿಯಬೇಡ ಎಂದೆ. ಅವನು ತುಳಿಯಲಿಲ್ಲ. ಒಂಬತ್ತು ವರ್ಷ ಕಳೆಯಿತು. ತೀರಿಕೊಳ್ಳುವ ಮುಂಚೆ ಅವ್ವ ಒಂದು ಮಾತು ಹೇಳಿದ್ದಳು: "ನೀ ತಪ್ಪು ಮಾಡಲ್ಲ, ಖರೆ. ಆದ್ರ ತಪ್ಪು ಮಾಡಿದೋರು ನಿನ್ನ ಬಾಗಿಲಿಗೆ ಬರಾಕ ಅಂಜ್ತಾರ." ಅವ್ವನಿಗೆ ಚಿಕ್ಕ ಮಗನ ಮೇಲೆ ಮೋಹ ಎಂದುಕೊಂಡು ಸುಮ್ಮನಾದೆ.

ನಿವೃತ್ತನಾದ ಮೇಲೆ ನಮ್ಮ ಸಭೆಯ ಪಾಸ್ಟರ್ ಒಂದು ಕೆಲಸ ಹೇಳಿದರು: ಜಾರ್ಜ್ ಬೋವೆನ್ ಬಗ್ಗೆ ಹತ್ತು ನಿಮಿಷ ಮಾತಾಡಬೇಕು. ಕೊಲಾಬಾದಲ್ಲಿ ಅವರ ಹೆಸರಿನ ಮೆಥೋಡಿಸ್ಟ್ ಚರ್ಚ್ ಇದೆ. ಹೆಸರು ಕೇಳಿದ್ದೆ, ಮನುಷ್ಯನ ಬಗ್ಗೆ ತಿಳಿದಿರಲಿಲ್ಲ. ಓದತೊಡಗಿದೆ.

ಬೋವೆನ್ ಹುಟ್ಟಿದ್ದು 1816ರಲ್ಲಿ, ಅಮೆರಿಕದಲ್ಲಿ. ಹರೆಯದಲ್ಲಿ ನಾಸ್ತಿಕ. ಪ್ರೀತಿಸಿದ ಹುಡುಗಿ ಕಾಯಿಲೆಯಿಂದ ತೀರಿಕೊಂಡಳು. ತನ್ನ ಬೈಬಲ್ ಅವನಿಗೆ ಕೊಡಿ, ಅವನು ಓದಲಿ ಎಂದು ಹೇಳಿಹೋಗಿದ್ದಳು. ಓದಿದವನು ವಿಶ್ವಾಸಿಯಾದ. 1848ರಲ್ಲಿ ಮುಂಬಯಿಗೆ ಬಂದಿಳಿದ. ಸ್ವಲ್ಪ ಕಾಲದಲ್ಲೇ ಮಿಷನ್ನಿನ ಸಂಬಳ ಬಿಟ್ಟು, ಅತಿ ಕಡಿಮೆ ಖರ್ಚಿನಲ್ಲಿ ಊರಿನ ಜನರ ನಡುವೆ ವಾಸಕ್ಕಿಳಿದ. ಬೀದಿಗಳಲ್ಲಿ ಬೋಧಿಸಿದ, 'ಬಾಂಬೆ ಗಾರ್ಡಿಯನ್' ಪತ್ರಿಕೆ ನಡೆಸಿದ. 1871ರಲ್ಲಿ ವಿಲಿಯಂ ಟೇಲರ್ ಮುಂಬಯಿಗೆ ಬಂದಾಗ ಮೆಥೋಡಿಸ್ಟರ ಜೊತೆಗೂಡಿದ. 1888ರಲ್ಲಿ ಇಲ್ಲೇ ಸತ್ತ. ನಲವತ್ತು ವರ್ಷದಲ್ಲಿ ಒಮ್ಮೆಯೂ ತಾಯ್ನಾಡಿಗೆ ಹೋಗಲಿಲ್ಲ. ಅವನ ಬೋಧನೆಯಿಂದ ಕ್ರೈಸ್ತರಾದವರು ಬಹಳ ಕಡಿಮೆ.

ಮೊದಲ ಓದಿನಲ್ಲಿ ನನಗೆ ಕಂಡದ್ದು ಒಂದು ಪಟ್ಟಿ: ಸಂಬಳ ಬಿಟ್ಟ, ಸುಖ ಬಿಟ್ಟ, ಊರು ಬಿಟ್ಟ. ನನ್ನ ಪಟ್ಟಿಗಿಂತ ಉದ್ದದ್ದು. ಹೊಟ್ಟೆಕಿಚ್ಚೂ ಆಯಿತು. ಎರಡನೆಯ ಸಲ ಓದುವಾಗ ಕಾರಣ ಕಂಡಿತು. ಮಿಷನರಿಯ ಸಂಬಳ, ಬಂಗಲೆ ತನಗೂ ಜನರಿಗೂ ನಡುವೆ ಗೋಡೆಯಾಗಿವೆ ಎಂದು ಅವನಿಗೆ ಅನಿಸಿತ್ತು. ಆ ಗೋಡೆ ತೆಗೆಯಲು ಅವನು ಬಿಟ್ಟ. ನಾನು ಕುಡಿತ ಬಿಟ್ಟದ್ದು, ಸುಳ್ಳು ಬಿಟ್ಟದ್ದು ಒಂದೊಂದೂ ಗೋಡೆಯ ಇಟ್ಟಿಗೆಯಾಗಿತ್ತು.

ಮೆಥೋಡಿಸ್ಟರಿಗೆ ಪರಿಪೂರ್ಣತೆ ಹೊಸ ಮಾತಲ್ಲ. ಜಾನ್ ವೆಸ್ಲಿ 1766ರಲ್ಲಿ ಅದರ ಬಗ್ಗೆಯೇ ಪುಸ್ತಕ ಬರೆದರು. ತಪ್ಪು ತಿಳಿವಳಿಕೆ, ಮರೆವು, ದೇಹದ ದೌರ್ಬಲ್ಯಗಳಿಂದ ಈ ಲೋಕದಲ್ಲಿ ಯಾರಿಗೂ ಬಿಡುಗಡೆಯಿಲ್ಲ ಎಂದು ಅವರೇ ಒಪ್ಪುತ್ತಾರೆ. ಅವರ ಅರ್ಥದಲ್ಲಿ ಪರಿಪೂರ್ಣತೆ ಎಂದರೆ ದೇವರ ಮೇಲೂ ನೆರೆಯವರ ಮೇಲೂ ಹೃದಯ ತುಂಬಿದ ಪ್ರೀತಿ.

ಆಮೇಲೆ ನಾನು ಗೆರೆ ಎಳೆದ ವಚನಕ್ಕೆ ಮರಳಿದೆ. ಅಲ್ಲಿನ ಗ್ರೀಕ್ ಪದ 'ತೆಲೆಯೊಸ್'. ಗುರಿ ಮುಟ್ಟಿದ್ದು, ಪಕ್ವವಾದದ್ದು, ಪೂರ್ತಿಯಾದದ್ದು ಎಂದು ಅರ್ಥ. ದೋಷವಿಲ್ಲದ ಕಾಯಿ ಮತ್ತು ಮಾಗಿದ ಹಣ್ಣು ಎರಡೂ ಒಂದೇ ಅಲ್ಲವಲ್ಲ. ಆ ವಚನಕ್ಕೆ ಸ್ವಲ್ಪ ಮೇಲೆಯೇ ವೈರಿಯನ್ನು ಪ್ರೀತಿಸುವ ಮಾತಿದೆ, ಕೆಟ್ಟವರ ಮೇಲೂ ಒಳ್ಳೆಯವರ ಮೇಲೂ ಸೂರ್ಯ ಮೂಡಿಸುವ ತಂದೆಯ ಮಾತಿದೆ. ಅದಕ್ಕೆ ಹೊಂದುವ ಲೂಕನ ವಚನದಲ್ಲಿ ಕರುಣೆಯ ಮಾತೇ ಬರುತ್ತದೆ. ನಾನು ಕೊನೆಯ ಸಾಲಿಗೆ ಗೆರೆ ಎಳೆದು ಮೇಲಿನದನ್ನು ಬಿಟ್ಟಿದ್ದೆ.

ಹತ್ತು ನಿಮಿಷದ ಮಾತು ಮುಗಿಸಿದ ಮರುದಿನ ಉಲ್ಲಾಸನಗರಕ್ಕೆ ಹೋದೆ. ತಮ್ಮ ಅಲ್ಲಿ ವಾಚ್‌ಮನ್. ಬಾಗಿಲಲ್ಲಿ ನನ್ನನ್ನು ಕಂಡು ಗಾಬರಿಯಾದ. "ಬಾ ಅಣ್ಣ" ಎಂದು ಒಂದೇ ಕುರ್ಚಿಯ ಮೇಲಿದ್ದ ಬಟ್ಟೆ ತೆಗೆದ. ಹಣದ ಮಾತು ನಾನೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ. ಅದನ್ನು ಮರೆತಿದ್ದೇನೆ ಎಂದರೆ ಸುಳ್ಳಾಗುತ್ತದೆ. ಇನ್ನೂ ಕುಡಿಯುತ್ತಾನೋ ಏನೋ, ಕೇಳಲಿಲ್ಲ.

ಚಹಾ ಕೊಟ್ಟ. ಗ್ಲಾಸಿನ ಅಂಚು ಒಡೆದಿತ್ತು. ನನ್ನ ಕಣ್ಣು ಮೊದಲು ಹೋದದ್ದು ಅಲ್ಲಿಗೇ. ಗ್ಲಾಸು ತಿರುಗಿಸಿಕೊಂಡು ಇನ್ನೊಂದು ಕಡೆಯಿಂದ ಕುಡಿದೆ.