ಅಜ್ಜಿಯ ಹೆಸರಿನ ಒತ್ತು

ಕಳೆದ ವರ್ಷ ಮಳೆಗಾಲದ ಒಂದು ಸಂಜೆ. ರವೀಂದ್ರನಗರದ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಕೂತು ಯಾರದ್ದೋ ಗೃಹಪ್ರವೇಶದ ವಿಡಿಯೊ ಮಾಡ್ತಿದ್ದೆ. ಹಗಲಿಗೆ ಬೆಂಗಳೂರಿನ ಕಂಪನಿಯ ಕೆಲಸ, ರಾತ್ರಿಗೆ ಆಫ್ಟರ್ ಎಫೆಕ್ಟ್ಸ್‌ನಲ್ಲಿ ಇಂಥ ವಾಟ್ಸ್ಆ್ಯಪ್ ಕರೆಯೋಲೆಗಳು. ಅಷ್ಟರಲ್ಲಿ ಪಕ್ಕದ ಬೀದಿಯ ಮೇಷ್ಟ್ರ ಫೋನ್ ಬಂತು. ನನಗೆ ಐದನೇ ಕ್ಲಾಸಿನಲ್ಲಿ ಕನ್ನಡ ಕಲಿಸಿದವರು.

"ಅಮ್ಮ ಹೋಗಿಬಿಟ್ಳು ಕಣೋ. ಉತ್ತರಕ್ರಿಯೆಗೆ ಎಲ್ಲರಿಗೂ ತಿಳಿಸ್ಬೇಕು. ಭದ್ರಾವತಿ ಕಡೆ ನೆಂಟರು ಜಾಸ್ತಿ. ನೀನು ಮಾಡ್ತೀಯಲ್ಲ, ಅಂಥದ್ದೊಂದು ಮಾಡ್ಕೊಡು."

ಇಪ್ಪತ್ತು ಸೆಕೆಂಡಿನ ವಿಡಿಯೊ. ಫೋಟೊ, ದೀಪ, ಕೆಳಗೆ ಒಂದು ಪಟ್ಟಿಯಲ್ಲಿ ಹೆಸರು. ನನ್ನ ಹತ್ತಿರ ರೆಡಿ ಟೆಂಪ್ಲೇಟ್ ಇತ್ತು. ಹೆಸರು ಬದಲಿಸಿ, ಅರ್ಧ ಗಂಟೆಯಲ್ಲಿ ಕಳಿಸಿಬಿಟ್ಟೆ. ದುಡ್ಡು ಬೇಡ ಅಂದೆ. ಒಳ್ಳೆ ಕೆಲಸ ಮಾಡಿದೆ ಅಂತ ನೆಮ್ಮದಿಯಾಗಿ ಮಲಗಿದೆ.

ಬೆಳಿಗ್ಗೆ ಮತ್ತೆ ಫೋನ್. ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಕಷ್ಟ.

"ಮಗ, ಅಮ್ಮನ ಹೆಸರಿನ ಒತ್ತು ಎಲ್ಲಿ ಹೋಯ್ತೋ?"

ತೆಗೆದು ನೋಡಿದೆ. ಆ ಹೆಸರನ್ನು ಇಲ್ಲಿ ಬರೆಯೋದು ಬೇಡ. ಅದರಲ್ಲಿ ಮೇಲೆ ಗುಡಿಸು, ಕೆಳಗೆ ಒತ್ತು, ಒತ್ತಿಗೊಂದು ಒತ್ತು ಇದೆ ಅಂತ ಹೇಳಿದರೆ ಸಾಕು. ನನ್ನ ಟೆಂಪ್ಲೇಟಿನ ಪಟ್ಟಿ ಇಂಗ್ಲಿಷ್ ಅಕ್ಷರಗಳ ಅಳತೆಯದ್ದು. ಪಟ್ಟಿಯ ಹೊರಗೆ ಬಂದಿದ್ದನ್ನು ಅದು ಮುಲಾಜಿಲ್ಲದೆ ಕತ್ತರಿಸಿತ್ತು. ನಾನು ಟೆಸ್ಟ್ ಮಾಡುವಾಗ ಹಾಕಿದ್ದ ಹೆಸರು "ರಮೇಶ". ಅದಕ್ಕೆ ಒತ್ತೂ ಇಲ್ಲ, ತೊಂದರೆಯೂ ಇಲ್ಲ.

"ಅಮ್ಮಂಗೆ ಓದು ಬರಹ ಬರ್ತಿರ್ಲಿಲ್ಲ. ಹೆಬ್ಬೆಟ್ಟು ಹಾಕೋದು ಬೇಡ ಅಂತ ನಾನೇ ಹೆಸರು ಬರೆಯೋದು ಕಲಿಸಿದ್ದೆ. ಬ್ಯಾಂಕಲ್ಲಿ ಎಷ್ಟು ಹೊತ್ತಾದ್ರೂ ಸರಿ, ಒತ್ತು ಬಿಡ್ತಿರ್ಲಿಲ್ಲ" ಅಂದರು ಮೇಷ್ಟ್ರು.

ಆ ವಿಡಿಯೊ ಅಷ್ಟರಲ್ಲಿ ಎಷ್ಟು ಗ್ರೂಪ್‌ಗಳಿಗೆ ಹೋಗಿತ್ತೋ! ಸರಿ ಮಾಡಿ ಮತ್ತೆ ಕಳಿಸಿದೆ. ಆದರೆ ಮೊದಲನೆಯದು ಫಾರ್ವರ್ಡ್ ಆಗ್ತಾನೇ ಇತ್ತು.

ಅವತ್ತಿಂದ ಎಕ್ಸ್‌ಪ್ರೆಶನ್ ಕಲಿಯೋಕೆ ಕೂತೆ. ಎಕ್ಸೆಲ್‌ನಲ್ಲಿ ಅಂಕಿ ತುಂಬುವ ಬದಲು ಫಾರ್ಮುಲಾ ಬರೀತೀವಲ್ಲ, ಇದೂ ಹಾಗೇ. ಆಲ್ಟ್ ಒತ್ತಿ ಸ್ಟಾಪ್‌ವಾಚ್ ಮೇಲೆ ಕ್ಲಿಕ್ ಮಾಡಿದರೆ ಬರೆಯೋಕೆ ಜಾಗ ತೆರೆಯುತ್ತೆ. ಅಲ್ಲಿ ಜಾವಾಸ್ಕ್ರಿಪ್ಟ್‌ನ ಒಂದೆರಡು ಸಾಲು ಸಾಕು. "ಸೋರ್ಸ್ ರೆಕ್ಟ್ ಅಟ್ ಟೈಮ್" ಅನ್ನೋ ಒಂದು ಆಜ್ಞೆ ಇದೆ. ಅಕ್ಷರಗಳು ನಿಜವಾಗಿ ಎಷ್ಟು ಜಾಗ ತಗೊಂಡಿವೆ ಅಂತ ಅದು ಹೇಳುತ್ತೆ: ಮೇಲಂಚು, ಎಡ ಅಂಚು, ಅಗಲ, ಎತ್ತರ. ಪಟ್ಟಿಯ ಅಳತೆಯನ್ನು ಇದಕ್ಕೆ ಕಟ್ಟಿ, ಸುತ್ತ ಸ್ವಲ್ಪ ಜಾಗ ಸೇರಿಸಿದರೆ ಹೆಸರು ಉದ್ದವಾದಷ್ಟೂ ಪಟ್ಟಿ ತಾನೇ ಉದ್ದವಾಗುತ್ತೆ.

ಗೆದ್ದೆ ಅಂದುಕೊಂಡೆ. ಎರಡೇ ದಿನ. ಊರುಗಳ ಪಟ್ಟಿ ಇರುವ ಒಂದು ವಿಡಿಯೊದಲ್ಲಿ ಹೊಸ ತಮಾಷೆ ಶುರುವಾಯ್ತು. "ಸಾಗರ"ಕ್ಕೆ ಕೆಳಗೆ ಒತ್ತಿಲ್ಲ, ಪಟ್ಟಿ ಗಿಡ್ಡ. "ಶಿವಮೊಗ್ಗ"ಕ್ಕೆ ಒತ್ತಿದೆ, ಪಟ್ಟಿ ಎತ್ತರ. ಒಂದರ ಕೆಳಗೊಂದು ಇಟ್ಟರೆ ಸಾಲಿನಲ್ಲಿ ನಿಂತ ಸ್ಕೂಲ್ ಮಕ್ಕಳ ಹಾಗೆ ಏರುಪೇರು.

ಅಕ್ಷರ ಒಂದೊಂದಾಗಿ ಮೂಡುವ ಟೈಪಿಂಗ್ ಎಫೆಕ್ಟ್‌ನಲ್ಲೂ ಇದೇ ಗೋಳು. "ಶಿವಮೊಗ್ಗ" ಅಂದ್ರೆ ನಮಗೆ ನಾಲ್ಕು ಅಕ್ಷರ. ಕಂಪ್ಯೂಟರ್ ಲೆಕ್ಕದಲ್ಲಿ ಎಂಟು. ಗುಡಿಸು, ಕೊಂಬು, ವಿರಾಮ ಚಿಹ್ನೆ ಎಲ್ಲಾ ಬೇರೆ ಬೇರೆ. ಹಾಗಾಗಿ ಪರದೆ ಮೇಲೆ ಒಂದು ಕ್ಷಣ "ಶಿವಮೊಗ್" ಅಂತ ಬಂದು ನಿಲ್ಲುತ್ತೆ. "ಭದ್ರಾವತಿ"ಗೂ ಅದೇ ನಾಲ್ಕು, ಅದೇ ಎಂಟು. ಈಗ ನಾನು ಕನ್ನಡವನ್ನು ಅಕ್ಷರದ ಲೆಕ್ಕದಲ್ಲಿ ಮೂಡಿಸೋದೇ ಇಲ್ಲ, ಪದದ ಲೆಕ್ಕದಲ್ಲಿ ಮಾತ್ರ. ಇನ್ನೊಂದು ಮಾತು: ಒತ್ತುಗಳು ಅಕ್ಷರದ ಕೆಳಗೆ ಕೂರದೆ ಪಕ್ಕಕ್ಕೆ ಒಡೆದು ನಿಂತರೆ, ಆಫ್ಟರ್ ಎಫೆಕ್ಟ್ಸ್‌ನ ಹಳೆಯ ಆವೃತ್ತಿಗಳಲ್ಲಿ ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ಸೌತ್ ಏಷ್ಯನ್ ಟೆಕ್ಸ್ಟ್ ಎಂಜಿನ್ ಆರಿಸಬೇಕಿತ್ತು.

ಏರುಪೇರಿಗೆ ಪರಿಹಾರ ಸಿಕ್ಕಿದ್ದು ಹೀಗೆ. ಅಗಲವನ್ನು ಆಯಾ ಹೆಸರಿನಿಂದಲೇ ತಗೋಬೇಕು. ಎತ್ತರ ಮತ್ತು ಮೇಲಂಚನ್ನು ಮಾತ್ರ ಬೇರೊಂದು ಲೇಯರ್‌ನಿಂದ ತಗೋಬೇಕು. ಅದೇ ಫಾಂಟು, ಅದೇ ಸೈಜು, ಮೇಲೂ ಕೆಳಗೂ ಪೂರ್ತಿ ಚಾಚುವ ಒಂದು ಪದ ಅದರಲ್ಲಿರಬೇಕು. ಆ ಲೇಯರ್‌ನ ಕಣ್ಣು ಮುಚ್ಚಿಟ್ಟರೂ ಎಕ್ಸ್‌ಪ್ರೆಶನ್‌ಗೆ ಅದರ ಅಳತೆ ಸಿಗುತ್ತೆ. ಆಗ ಎಲ್ಲ ಪಟ್ಟಿಗಳೂ ಒಂದೇ ಎತ್ತರ. ಹೆಸರು ತೀರಾ ಉದ್ದವಾದರೆ, ಇರುವ ಜಾಗವನ್ನು ಹೆಸರಿನ ಅಗಲದಿಂದ ಭಾಗಿಸಿ ಸ್ಕೇಲ್‌ಗೆ ಕೊಟ್ಟರೆ ಅದು ಕುಗ್ಗುತ್ತೆ. ನೂರಕ್ಕಿಂತ ಮೇಲೆ ಹೋಗದ ಹಾಗೆ ತಡೆ ಹಾಕಿ. ಆದರೆ ಸೋರ್ಸ್ ರೆಕ್ಟ್ ಸ್ಕೇಲನ್ನು ಲೆಕ್ಕಕ್ಕೆ ತಗೊಳ್ಳೋದಿಲ್ಲ. ಪಟ್ಟಿಯ ಲೆಕ್ಕದಲ್ಲಿ ಅದನ್ನು ನಾವೇ ಗುಣಿಸಬೇಕು. ಇದನ್ನು ಮರೆತು ನಾನು ಒಂದಿಡೀ ಭಾನುವಾರ ಕಳೆದಿದ್ದೀನಿ.

ಕಣ್ಣು ಮುಚ್ಚಿದ ಆ ಲೇಯರ್‌ಗೆ ಯಾವ ಪದ ಹಾಕೋದು ಅಂತ ಯೋಚನೆ ಮಾಡಬೇಕಾಗಲಿಲ್ಲ. ಕೈ ತಾನಾಗೇ ಅಜ್ಜಿಯ ಹೆಸರು ಟೈಪ್ ಮಾಡಿತು.

ಈ ಸಲ ವರ್ಷದ ತಿಥಿಗೆ ಮೇಷ್ಟ್ರು ಮತ್ತೆ ನನಗೇ ಹೇಳಿದರು. ವಿಡಿಯೊ ತೋರಿಸೋಕೆ ಮನೆಗೇ ಹೋದೆ. ಕನ್ನಡಕ ಹಾಕ್ಕೊಂಡು, ಫೋನನ್ನು ಹತ್ತಿರ ಹಿಡಿದು, ಹೆಸರು ಬಂದಾಗ ನಿಲ್ಲಿಸಿ ನೋಡಿದರು. ಹಳೇ ಉಕ್ತಲೇಖನ ತಿದ್ದುವ ಹಾಗೆ. ನನಗೆ ಐದನೇ ಕ್ಲಾಸಿನಷ್ಟೇ ಭಯ.

"ಸರಿ ಇದೆ" ಅಂದರು.

ಆ ಲೇಯರ್ ವಿಷಯ ಹೇಳಿದೆ. ಯಾರ ಮದುವೆ, ಯಾರ ನಾಮಕರಣ ಆದರೂ ಪಟ್ಟಿಯ ಎತ್ತರ ನಿಮ್ಮ ಅಮ್ಮನ ಹೆಸರಿನ ಅಳತೆಯದ್ದೇ ಸಾರ್ ಅಂದೆ. ಅವರು ಏನೂ ಅನ್ನಲಿಲ್ಲ. ಒಳಗೆ ತಿರುಗಿ, "ಇವನಿಗೆ ಕಾಫಿ ಕೊಡೇ" ಅಂದರು.