ಕೆಮ್ಮಣ್ಣಿನಿಂದ ಸಂಸೆ ಪರ್ವತದವರೆಗೆ

ಕೆಮ್ಮಣ್ಣು ಎಂಬ ಪದವನ್ನು ಬಿಡಿಸುವುದು ವ್ಯಾಕರಣದ ವಿದ್ಯಾರ್ಥಿಗೆ ಕಷ್ಟವಲ್ಲ. ಕೆಚ್ಚನೆಯ ಮಣ್ಣು ಕೆಮ್ಮಣ್ಣು. ಕೆಂದಾವರೆ, ಕೆಂಗಣ್ಣುಗಳ ಸಾಲಿಗೆ ಸೇರುವ ಕರ್ಮಧಾರಯ. ಉಡುಪಿಯ ಸಮೀಪ, ಸುವರ್ಣಾ ನದಿ ಕಡಲು ಸೇರುವ ಮುನ್ನ ಕುದ್ರುಗಳ ನಡುವೆ ಹರಡಿಕೊಳ್ಳುವೆಡೆಯಲ್ಲಿ ಈ ಹೆಸರಿನ ಊರಿದೆ. ನದಿ ಹುಟ್ಟುವುದು ಕಾರ್ಕಳ ತಾಲೂಕಿನ ಪೂರ್ವದಂಚಿನ ಘಟ್ಟದಲ್ಲಿ. ಸ್ಥಳನಾಮಗಳನ್ನು ಅಭ್ಯಾಸಮಾಡುತ್ತಿದ್ದ ಕೆಲವು ವಿದ್ಯಾರ್ಥಿಗಳು ಕೆಮ್ಮಣ್ಣಿನಿಂದ ಹೊರಟು, ಕಾರ್ಕಳ, ಬಜಗೋಳಿ, ಮಾಳಗಳನ್ನು ಹಾದು, ಮಾರ್ಗದರ್ಶಿಯೊಬ್ಬನೊಡನೆ ಕುದುರೆಮುಖ ರಾಷ್ಟ್ರೀಯ ಉದ್ಯಾನವನ್ನು ಒಂದು ಹಗಲಿನಲ್ಲಿ ನೋಡಿ ಮರಳಿದರು. ಮಾರ್ಗದರ್ಶಿ ಉದ್ಯಾನದೊಳಗಿನ ಊರೊಂದರ ತರುಣ.

ತಪಾಸಣಾ ಠಾಣೆಯಲ್ಲಿ ವಾಹನಕ್ಕೊಂದು ಚೀಟಿ ಸಿಗುತ್ತದೆ. ಅದರಲ್ಲಿ ಒಳಹೊಕ್ಕ ವೇಳೆ ಬರೆದಿರುತ್ತದೆ. ನಿಗದಿತ ಅವಧಿಯೊಳಗೆ ಕಾಡನ್ನು ದಾಟಬೇಕು, ನಡುದಾರಿಯಲ್ಲಿ ಕಂಡಲ್ಲಿ ನಿಲ್ಲುವಂತಿಲ್ಲ. ಮುಳ್ಳೋಡಿಯಿಂದ 1894 ಮೀಟರ್ ಎತ್ತರದ ಶಿಖರವನ್ನು ಏರುವವರಿಗೆ ಬೇರೆಯದೇ ಅನುಮತಿ ಬೇಕು, ಪೂರ್ಣ ಹಗಲೊಂದು ಬೇಕು. ಈ ತಂಡಕ್ಕೆ ಅಷ್ಟು ಹೊತ್ತಿರಲಿಲ್ಲ. ಕಡಾಂಬಿಯ ಜಲಪಾತ ರಸ್ತೆಯ ಬದಿಯಲ್ಲೇ ಸಿಕ್ಕಿತು, ಹನುಮನಗುಂಡಿಗೆ ಮೆಟ್ಟಿಲಿಳಿಯಬೇಕಾಯಿತು. ಜಲಪಾತಗಳ ವರ್ಣನೆಗೆ ನಮ್ಮ ಪ್ರವಾಸ ಕಥನಗಳಲ್ಲಿ ಕೊರತೆಯಿಲ್ಲವಾದ್ದರಿಂದ ಅದನ್ನಿಲ್ಲಿ ಬಿಡಬಹುದು.

ಘಟ್ಟದ ಮೇಲೆ ರಸ್ತೆ ಕವಲೊಡೆಯುತ್ತದೆ. ಒಂದು ಶೃಂಗೇರಿಗೆ, ಇನ್ನೊಂದು ಕಳಸಕ್ಕೆ. ಆ ಕವಲಿನ ಹೆಸರು ಎಸ್.ಕೆ. ಬಾರ್ಡರ್, ಎಂದರೆ ಸೌತ್ ಕೆನರಾದ ಗಡಿ. ಸೌತ್ ಕೆನರಾ ದಕ್ಷಿಣ ಕನ್ನಡವಾಯಿತು. 1997ರಲ್ಲಿ ಅದರಿಂದ ಉಡುಪಿ ಜಿಲ್ಲೆ ಬೇರೆಯಾಯಿತು. ಗಡಿಯ ಹೆಸರು ಮಾತ್ರ ಇಂಗ್ಲಿಷಿನ ಎರಡು ಮೊದಲಕ್ಷರಗಳಲ್ಲಿ ಉಳಿದುಕೊಂಡಿದೆ. ಆದರೆ ಈ ಗಡಿ ಹಳೆಯದೇನಲ್ಲ. ಹೊಂಬುಜದ ಸಾಂತರರ ಶಾಖೆಯವರಾದ ಭೈರರಸರು ಘಟ್ಟದ ಮೇಲಿನ ಕಳಸವನ್ನೂ ಕೆಳಗಿನ ಕಾರ್ಕಳವನ್ನೂ ಒಂದೇ ರಾಜ್ಯವಾಗಿ ಆಳಿದರು. 1432ರಲ್ಲಿ ಕಾರ್ಕಳದ ಬೆಟ್ಟದ ಮೇಲೆ ಬಾಹುಬಲಿಯನ್ನು ನಿಲ್ಲಿಸಿದ ವೀರಪಾಂಡ್ಯನೂ, 1586ರಲ್ಲಿ ಚತುರ್ಮುಖ ಬಸದಿಯನ್ನು ಕಟ್ಟಿಸಿದ ಇಮ್ಮಡಿ ಭೈರವನೂ ಈ ವಂಶದವರೇ. ಜಿನಭಕ್ತರಾದ ಈ ಅರಸರು ಕಳಸದ ಕಳಸೇಶ್ವರನಿಗೂ ದತ್ತಿಗಳನ್ನು ಬಿಟ್ಟಿದ್ದಾರೆ. ಕಳಸ-ಕಾರ್ಕಳ ರಾಜ್ಯ ಎಂದು ಪಾಠಪುಸ್ತಕದಲ್ಲಿ ಓದುವಾಗ ನಡುವಿನ ಆ ಚಿಕ್ಕ ಗೆರೆಯಲ್ಲಿ ಇಷ್ಟು ದೊಡ್ಡ ಪರ್ವತವಿದೆ ಎಂಬುದು ಹೊಳೆಯುವುದಿಲ್ಲ. ಶಾಸನಗಳನ್ನು ಓದುವವರು ಒಮ್ಮೆಯಾದರೂ ಈ ದಾರಿಯಲ್ಲಿ ಹೋಗಬೇಕು.

'ಕುದುರೆಯ ಮುಖ ಎಲ್ಲಿ?' ಎಂಬುದು ಕರಾವಳಿಯಿಂದ ಬಂದವರ ಮೊದಲ ಪ್ರಶ್ನೆ. ದೂರ ನಿಂತವರಿಗಷ್ಟೇ ಅದು ಕಾಣುವುದು ಎಂದು ಮಾರ್ಗದರ್ಶಿ ಹೇಳಿದ. ಹತ್ತಿರದವರಿಗೆ ಇದು ಹಿಂದೆ ಸಂಸೆ ಪರ್ವತವಾಗಿತ್ತು, ಸಂಸೆ ಎಂಬ ಊರಿನಿಂದ ಏರುವ ಪರ್ವತವಾದ್ದರಿಂದ. ಒಂದು ಹೆಸರು ಆಕಾರವನ್ನು ಹೇಳುತ್ತದೆ, ಇನ್ನೊಂದು ದಾರಿಯನ್ನು. ನಕಾಶೆಗೆ ಬಂದದ್ದು ದೂರದ ಹೆಸರು. ವಿದ್ಯಾರ್ಥಿಯೊಬ್ಬಳು ಇದನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಳ್ಳುವಷ್ಟರಲ್ಲಿ ವಾಹನ ಹೊರಟಿತ್ತು. ಚೀಟಿಯ ವೇಳೆ ಮೀರುತ್ತಿತ್ತು.

ಹೆಸರುಗಳ ಇತಿಹಾಸದಲ್ಲಿ ಮೂರನೆಯದೊಂದೂ ಇದೆ, ಅದಿರು. 1913ರಲ್ಲಿ ಮೈಸೂರು ಸಂಸ್ಥಾನದ ಭೂವಿಜ್ಞಾನಿ ಸಂಪತ್ ಅಯ್ಯಂಗಾರರು ಇಲ್ಲಿಯ ಕಬ್ಬಿಣದ ನಿಕ್ಷೇಪವನ್ನು ಗುರುತಿಸಿದರು. 1975ರಲ್ಲಿ ಇರಾನಿನೊಡನೆ ಒಪ್ಪಂದ, 1976ರಲ್ಲಿ ಕುದುರೆಮುಖ ಕಬ್ಬಿಣ ಅದಿರು ಕಂಪನಿಯ ಸ್ಥಾಪನೆ. ಇರಾನಿನಲ್ಲಿ ಕ್ರಾಂತಿಯಾಗಿ ಕೊಳ್ಳುವವರೇ ಹಿಂದೆ ಸರಿದರು, ಗಣಿ ನಿಲ್ಲಲಿಲ್ಲ. ಅದಿರಿನ ಪುಡಿಯನ್ನು ನೀರಿನೊಡನೆ ಕಲಸಿ 67 ಕಿ.ಮೀ. ಉದ್ದದ ಕೊಳವೆಯಲ್ಲಿ ಘಟ್ಟವಿಳಿಸಿ ಪಣಂಬೂರಿಗೆ ಹರಿಸಿದರು. ಉಳಿದ ಕೆಸರನ್ನು ತಡೆಯಲು ಸುಮಾರು ನೂರು ಮೀಟರ್ ಎತ್ತರದ ಲಕ್ಯಾ ಅಣೆಕಟ್ಟನ್ನು ಕಟ್ಟಿದರು. 1987ರಲ್ಲಿ ಕಾಡು ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದಾಗಲೂ ಗಣಿ ಅದರ ಮಗ್ಗುಲಲ್ಲೇ ಇತ್ತು. ತುಂಗೆ, ಭದ್ರೆ, ನೇತ್ರಾವತಿಗಳು ಹುಟ್ಟುವ ಗಂಗಾಮೂಲವೂ ಇದೇ ಉದ್ಯಾನದಲ್ಲಿದೆ. ಮಳೆಗಾಲದಲ್ಲಿ ಗಣಿಯ ಕೆಂಪು ಇಳಿದದ್ದು ಭದ್ರೆಗೆ. ಸುವರ್ಣೆಯತ್ತ ಅದು ಬರಲಿಲ್ಲ. ಕರಾವಳಿಯ ಬಹುಮಂದಿಗೆ ಗಣಿಯ ವಿಷಯ ದೂರದ್ದೆನಿಸಲು ಇದೂ ಒಂದು ಕಾರಣವಿರಬಹುದು. ಕೆಮ್ಮಣ್ಣಿನ ಕೆಂಪಿಗೆ ಯಾರೂ ಹೊಣೆಯಲ್ಲ. ಭದ್ರೆಯ ಕೆಂಪಿಗೆ ಹೊಣೆಗಾರರಿದ್ದರು. 2002ರ ಸುಪ್ರೀಂ ಕೋರ್ಟಿನ ತೀರ್ಪಿನಂತೆ 2005ರ ಕೊನೆಗೆ ಗಣಿ ನಿಂತಿತು.

ಕುದುರೆಮುಖ ಪೇಟೆಯಲ್ಲಿ ತಂಡ ಬುತ್ತಿ ಬಿಚ್ಚಿತು. ಗಣಿಗಾಗಿ ಕಟ್ಟಿದ ಊರು. ಗಣಿ ಹೋದ ಮೇಲೆ ಸಾಲುಸಾಲು ಮನೆಗಳು ಖಾಲಿಯಾಗಿ ಗೋಡೆಗಳಿಗೆ ಪಾಚಿ ಹತ್ತಿದೆ. ಅಲ್ಲಿಯವರೆಗೆ ಶೋಲಾ ಕಾಡು, ಹುಲ್ಲುಗಾವಲು, ಸಿಂಹಬಾಲದ ಸಿಂಗಳೀಕಗಳ ಕುರಿತು ನಿರರ್ಗಳವಾಗಿ ಮಾತಾಡಿದ್ದ ಮಾರ್ಗದರ್ಶಿ ಇಲ್ಲಿ ಸುಮ್ಮನಾದ. ಪ್ರವಾಸಿಗರು ಇದನ್ನು ಕೇಳುವುದಿಲ್ಲ, ಆದ್ದರಿಂದ ಹೇಳಿ ರೂಢಿಯಿಲ್ಲ ಎಂದ. ಒತ್ತಾಯಿಸಿದಾಗ ತನ್ನ ತಂದೆ ಗಣಿಯಲ್ಲಿ ದಿನಗೂಲಿಗಿದ್ದುದನ್ನು ಹೇಳಿದ. ಗಣಿ ನಿಂತಿತು, ಕೂಲಿ ಹೋಯಿತು. ಉದ್ಯಾನ ಬಂತು, ನೆರೆಯ ಕೆಲವು ಮನೆಗಳು ಪರಿಹಾರ ಪಡೆದು ಹೊರಗೆ ಹೋದವು. ತನ್ನ ಮನೆ ಇನ್ನೂ ತೀರ್ಮಾನಿಸಿಲ್ಲ. 'ಗಣಿ ಇರಬೇಕಿತ್ತೇ?' ಎಂದು ಕೇಳಿದ್ದಕ್ಕೆ, ಬೇಡವಾಗಿತ್ತು ಎಂದ ತಕ್ಷಣವೇ. 'ಕಾಡು ಬೇಕು. ಅದರ ಲೆಕ್ಕದಲ್ಲಿ ನಾವೂ ಇರಬೇಕಲ್ಲ?'

ಸ್ಥಳನಾಮ ಸಂಶೋಧನೆಯ ರೂಢಿಯ ಪ್ರಶ್ನಾವಳಿಯಲ್ಲಿ ಇದಕ್ಕೆ ಅಂಕಣವಿಲ್ಲ. ಮನೆಗಳು ಹೊರಟುಹೋದ ಜಾಗದ ಗದ್ದೆಗಳಿಗೆ, ತೋಡುಗಳಿಗೆ, ಬನಗಳಿಗೆ ಇದ್ದ ಹೆಸರುಗಳು ಶಾಸನದಲ್ಲಿಲ್ಲ, ನಕಾಶೆಯಲ್ಲೂ ಇಲ್ಲ. ಕರೆಯುವವರು ಹೋದೊಡನೆ ಅವೂ ಹೋಗುತ್ತವೆ. ಸಂಸೆಯ ಕಡೆಗೆ ಸಾಗುವಾಗ ವಿದ್ಯಾರ್ಥಿಗಳು ಅವನಿಂದ ಅಂಥ ಹೆಸರುಗಳನ್ನು ಕೇಳಿ ಬರೆಯತೊಡಗಿದರು. ಸಂಜೆ ಮಾಳದ ಕಡೆಯಿಂದ ಇಳಿಯುವಷ್ಟರಲ್ಲಿ ಇಪ್ಪತ್ತಮೂರು ಆಗಿದ್ದವು. ಅವುಗಳಲ್ಲಿ ಎರಡರ ಅರ್ಥ ಅವನಿಗೂ ಗೊತ್ತಿರಲಿಲ್ಲ; ಅಜ್ಜಿಯನ್ನು ಕೇಳಿ ಫೋನು ಮಾಡುತ್ತೇನೆಂದ.