ಅಮ್ಮ ‘ಸಾಕು’ ಅಂದಾಗ ನಾನು ಕೇಳಲಿಲ್ಲ

ಬಿಸಿಲಿಗೆ ಮೈಯೊಡ್ಡಿದಷ್ಟೂ ಒಳ್ಳೆಯದು. ಮೈ ಕಪ್ಪಾದರೆ ವಿಟಮಿನ್ ‘ಡಿ’ ಚೆನ್ನಾಗಿ ಸಿಕ್ಕಿದೆ ಎಂದೇ ಅರ್ಥ. ನಮ್ಮಂಥ ಕಂದು ಚರ್ಮದವರಿಗೆ ಬಿಸಿಲು ಏನೂ ಮಾಡದು. ಈ ಮೂರು ಮಾತನ್ನೂ ನಾನು ಪೂರ್ತಿ ನಂಬಿದ್ದೆ. ನಂಬಿದ್ದು ನಾನು, ಅನುಭವಿಸಿದ್ದು ಅಮ್ಮ.

ಹಾಸನದ ಕಡೆಯ ಹಳ್ಳಿ ಬಿಟ್ಟು ಬೆಂಗಳೂರಿನ ನಮ್ಮ ಫ್ಲ್ಯಾಟಿಗೆ ಬಂದ ಮೇಲೆ ಅಮ್ಮನಿಗೆ ಸೊಂಟ, ಮಂಡಿ ನೋವು ಶುರುವಾಯಿತು. ರಕ್ತ ಪರೀಕ್ಷೆಯಲ್ಲಿ ವಿಟಮಿನ್ ‘ಡಿ’ ತೀರಾ ಕಡಿಮೆ ಇತ್ತು. ವೈದ್ಯರು ವಾರಕ್ಕೊಂದರಂತೆ 60,000 ಯೂನಿಟ್‌ನ ಮಾತ್ರೆ ಬರೆದುಕೊಟ್ಟರು. ಬಿಸಿಲು ಪುಕ್ಕಟೆ ಸಿಗುವಾಗ ಮಾತ್ರೆ ಯಾಕೆಂದು ನಾನೇ ಅದನ್ನು ನಿಲ್ಲಿಸಿದೆ. ವೈದ್ಯರನ್ನು ಒಂದು ಮಾತೂ ಕೇಳಲಿಲ್ಲ.

ಮೊದಮೊದಲು ಗಾಜು ಹಾಕಿಸಿದ ಬಾಲ್ಕನಿಯಲ್ಲಿ ಬೆಳಗ್ಗೆ ಕೂರಿಸಿದೆ. ಮತ್ತೆ ಪರೀಕ್ಷೆ ಮಾಡಿಸಿದರೆ ಅಂಕಿ ಇದ್ದಲ್ಲೇ ಇತ್ತು. ಇರಲೇಬೇಕಿತ್ತು. ಚರ್ಮದಲ್ಲಿ ವಿಟಮಿನ್ ‘ಡಿ’ ಉಂಟುಮಾಡುವುದು ಬಿಸಿಲಿನಲ್ಲಿರುವ ಯುವಿ-ಬಿ ಕಿರಣ. ಕಿಟಕಿ ಗಾಜು ಅದನ್ನು ತಡೆದುಬಿಡುತ್ತದೆ. ಚರ್ಮದ ಆಳಕ್ಕಿಳಿದು ಸುಕ್ಕು, ಕಪ್ಪು ಕಲೆ ತರುವ ಯುವಿ-ಎ ಮಾತ್ರ ಬಹುಪಾಲು ಒಳಗೆ ಬರುತ್ತದೆ. ಲಾಭವನ್ನು ಹೊರಗಿಟ್ಟು ನಷ್ಟವನ್ನು ಒಳಗೆ ಬಿಟ್ಟುಕೊಂಡಿದ್ದೆವು.

ಇದು ಗೊತ್ತಾಗದೆ, ಬಿಸಿಲು ಸಾಲದೇನೋ ಎಂದುಕೊಂಡು ಮಾರ್ಚ್ ತಿಂಗಳ ನಡುಮಧ್ಯಾಹ್ನ ತಾರಸಿಗೆ ಕರೆದೊಯ್ದೆ. ಬೆಂಗಳೂರಿನಲ್ಲಿ ಆ ಕಾಲದ ನಡುಹಗಲಲ್ಲಿ ಯುವಿ ಸೂಚ್ಯಂಕ 11 ದಾಟುವುದುಂಟು. ಸೂಚ್ಯಂಕ 3 ಮುಟ್ಟಿದರೆ ಸಾಕು, ನೆರಳು ಟೋಪಿ ನೋಡಿಕೊಳ್ಳಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಮ್ಮ ತಲೆಗೆ ಸೆರಗು ಹೊದ್ದುಕೊಂಡರೆ ನಾನು ತೆಗೆಸುತ್ತಿದ್ದೆ. “ಸಾಕು ಕಣೇ, ಮೈ ಉರೀತಿದೆ. ಗದ್ದೇಲಿ ದುಡಿಯೋವಾಗ್ಲೂ ಈ ಹೊತ್ತಲ್ಲಿ ಮರದ ಬುಡ ಸೇರ್ಕೋತಿದ್ವಿ” ಅಂದಳು. “ಇನ್ನೊಂಚೂರು ಕೂತ್ಕೋಮ್ಮ” ಅಂದೆ.

ಆಮೇಲೊಂದು ದಿನ ಸ್ನಾನ ಮುಗಿಸಿ ಬಂದವಳ ಕೈ ನೋಡಿದೆ. ರವಿಕೆಯ ತೋಳು ಮುಗಿಯುವ ಕಡೆ ಗೆರೆ ಎಳೆದ ಹಾಗಿತ್ತು. ಗೆರೆಯಿಂದ ಮೇಲೆ ಎಂದಿನ ಚರ್ಮ. ಕೆಳಗೆ ಕೆಂಪಗೆ, ಒರಟಾಗಿ ಎದ್ದ ಗುಳ್ಳೆಗಳು, ಕೆರೆದು ಕೆರೆದು ನೀರೊಸರುತ್ತಿದ್ದವು. ಬಳೆಗಳ ಅಡಿಯ ಪಟ್ಟಿ ಮಾತ್ರ ಚೆನ್ನಾಗಿತ್ತು. ಬಿಸಿಲು ತಾಕಿದ ಜಾಗವನ್ನೆಲ್ಲ ಆ ಕೈಯೇ ಗುರುತು ಹಾಕಿ ತೋರಿಸುತ್ತಿತ್ತು.

ಚರ್ಮವೈದ್ಯರು ಕೇಳಿದ ಮೊದಲ ಪ್ರಶ್ನೆ, “ಯಾವ್ಯಾವ ಮಾತ್ರೆ ತಗೋತಾರೆ?” ಅಮ್ಮ ನುಂಗುತ್ತಿದ್ದ ಬಿ.ಪಿ. ಮಾತ್ರೆಯಲ್ಲಿ ಹೈಡ್ರೋಕ್ಲೋರೋಥಯಾಜೈಡ್ ಸೇರಿತ್ತು. ಅದು ಕೆಲವರ ಚರ್ಮವನ್ನು ಬಿಸಿಲಿಗೆ ವಿಪರೀತ ಸೂಕ್ಷ್ಮವಾಗಿಸುತ್ತದೆ. ಮೊಡವೆಗೂ ಸೋಂಕಿಗೂ ಕೊಡುವ ಡಾಕ್ಸಿಸೈಕ್ಲಿನ್ ಕೂಡ ಹಾಗೆಯೇ. ಮಾತ್ರೆ ಬದಲಾಯಿತು, ಮುಲಾಮು ಹಚ್ಚಿದ್ದಾಯಿತು, ನಾನು ನಿಲ್ಲಿಸಿದ್ದ ವಿಟಮಿನ್ ಮಾತ್ರೆ ಮತ್ತೆ ಶುರುವಾಯಿತು. ಕೈ ವಾಸಿಯಾಯಿತು. ಕೆನ್ನೆಯ ಮೇಲೆ ಎದ್ದ ಬಂಗು ಇನ್ನೂ ಇದೆ.

ಆ ಮೇಲೆ ಕಲಿತದ್ದನ್ನು ಹೇಳಲೇಬೇಕು. ಬಿಸಿಲಿಗೆ ಚರ್ಮ ಕಪ್ಪಾಗುವುದು ಪುಷ್ಟಿಯ ಗುರುತಲ್ಲ, ಪೆಟ್ಟಿನ ಗುರುತು. ಯುವಿ ಕಿರಣ ಜೀವಕೋಶದ ಡಿಎನ್ಎಗೆ ಹಾನಿ ಮಾಡಿದಾಗ, ಇನ್ನಷ್ಟು ಹಾನಿಯಾಗದಿರಲೆಂದು ಚರ್ಮ ಮೆಲನಿನ್ ಹೆಚ್ಚಿಸುತ್ತದೆ. ವಿಟಮಿನ್ ‘ಡಿ’ಗಾದರೋ ಒಂದು ಮಿತಿ ಇದೆ. ಸ್ವಲ್ಪ ಹೊತ್ತಾದ ಮೇಲೆ, ಹುಟ್ಟಿದ ಪೂರ್ವರೂಪವನ್ನು ಅದೇ ಬಿಸಿಲು ಕೆಲಸಕ್ಕೆ ಬಾರದ ಬೇರೆ ವಸ್ತುಗಳಾಗಿ ಮಾರ್ಪಡಿಸುತ್ತದೆ. ಅಲ್ಲಿಂದಾಚೆ ಕೂತರೆ ಲಾಭ ಹೆಚ್ಚುವುದಿಲ್ಲ, ಹಾನಿ ಹೆಚ್ಚುತ್ತಲೇ ಹೋಗುತ್ತದೆ. ಕಂದು ಚರ್ಮದಲ್ಲಿ ವಿಟಮಿನ್ ನಿಧಾನವಾಗಿ ಹುಟ್ಟುತ್ತದೆ, ಮುಪ್ಪಿನಲ್ಲಿ ಆ ಶಕ್ತಿ ಇನ್ನೂ ಕುಗ್ಗುತ್ತದೆ. ಅಮ್ಮನಂಥವರ ಕೊರತೆಯನ್ನು ಬಿಸಿಲೊಂದರಿಂದಲೇ ತುಂಬಿಸುತ್ತೇನೆಂದು ಹೊರಟದ್ದೇ ತಪ್ಪು.

ಬಿಸಿಲು ಮದ್ದು ಎಂಬ ಮಾತು ಪೂರಾ ಸುಳ್ಳೂ ಅಲ್ಲ. ಚರ್ಮದ ಕ್ಷಯಕ್ಕೆ ಬೆಳಕಿನ ಚಿಕಿತ್ಸೆ ಕೊಟ್ಟ ಡೆನ್ಮಾರ್ಕಿನ ನೀಲ್ಸ್ ಫಿನ್ಸೆನ್ 1903ರಲ್ಲಿ ನೊಬೆಲ್ ಪಡೆದರು. ಮೂಳೆ ಮೆದುವಾಗುವ ರಿಕೆಟ್ಸ್ ಮಕ್ಕಳಿಗೆ ಬಿಸಿಲು ನಿಜಕ್ಕೂ ನೆರವಾಯಿತು. ಆದರೆ ಆ ಅರ್ಧ ಸತ್ಯವನ್ನು ಹಿಡಿದು ಬಿಳಿಯರ ನಾಡುಗಳಲ್ಲಿ ಮೈ ಕಂದಾಗಿಸಿಕೊಳ್ಳುವುದೇ ಆರೋಗ್ಯವೆಂಬ ಹುಚ್ಚು ಬೆಳೆಯಿತು. ಅದಕ್ಕೆಂದೇ ಯುವಿ ದೀಪದ ಹಾಸಿಗೆಗಳು ಬಂದವು. ಆ ಹಾಸಿಗೆಗಳನ್ನು 2009ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ತಂಬಾಕಿರುವ ಗುಂಪಿಗೇ, ಅಂದರೆ ಕ್ಯಾನ್ಸರ್ ತರುವುದು ಖಚಿತವಾದವುಗಳ ಗುಂಪಿಗೆ ಸೇರಿಸಿತು. ಮೆಲನೋಮ ಎಂಬ ಚರ್ಮದ ಕ್ಯಾನ್ಸರಿನಿಂದ ನರಳುತ್ತಲೇ ಅವುಗಳ ವಿರುದ್ಧ ದನಿಯೆತ್ತಿದ ಮೆಲ್ಬರ್ನ್‌ನ ಕ್ಲೇರ್ ಆಲಿವರ್ 2007ರಲ್ಲಿ ತೀರಿಕೊಂಡಾಗ ಆಕೆಗೆ 26 ವರ್ಷ. ಹಣ ಪಡೆದು ಅಂಥ ಹಾಸಿಗೆ ಒದಗಿಸುವುದನ್ನು ಆಸ್ಟ್ರೇಲಿಯಾದ ರಾಜ್ಯಗಳು ಆಮೇಲೆ ನಿಷೇಧಿಸಿದವು.

ನಮ್ಮ ಚರ್ಮದಲ್ಲಿ ಮೆಲನಿನ್ ಹೆಚ್ಚಿರುವುದರಿಂದ ಚರ್ಮದ ಕ್ಯಾನ್ಸರ್ ನಮ್ಮಲ್ಲಿ ಕಡಿಮೆ, ನಿಜ. ಹಾಗೆಂದು ಬಿಸಿಲು ನಮ್ಮನ್ನು ಬಿಟ್ಟಿಲ್ಲ. ಬಂಗು, ಸುಕ್ಕು, ಅಲರ್ಜಿ ನಮಗೂ ಬರುತ್ತವೆ. ವರ್ಷಗಟ್ಟಲೆ ಕಣ್ಣಿಗೆ ಬಿದ್ದ ಬಿಸಿಲು ಪೊರೆಗೂ ಒಂದು ಕಾರಣ.

ಬಿಸಿಲಿಗೆ ಹೆದರಿ ಬಾಗಿಲು ಹಾಕಿಕೊಳ್ಳಿ ಎನ್ನುತ್ತಿಲ್ಲ. ಗಾಜಿನ ಆಚೆ ಹೋಗಿ, ಕೈಕಾಲಿಗೆ ಸ್ವಲ್ಪ ಹೊತ್ತು ಬಿಸಿಲು ಬೀಳಲಿ, ಮುಖಕ್ಕೆ ನೆರಳಿರಲಿ, ಚರ್ಮ ಬಿಸಿಯೇರಿ ಚುರುಗುಟ್ಟುವ ಮೊದಲೇ ಎದ್ದುಬನ್ನಿ. ಕೊರತೆ ಇದ್ದರೆ ವೈದ್ಯರು ಹೇಳಿದ ಮಾತ್ರೆಯನ್ನು ಹೇಳಿದಷ್ಟೇ ತಗೊಳ್ಳಿ. ಹೆಚ್ಚಾದರೆ ಅದೂ ವಿಷವೇ. ಹಿರಿಯರನ್ನು ಬಿಸಿಲಿಗೆ ಕೂರಿಸುವ ಮುನ್ನ ಅವರು ನುಂಗುವ ಎಲ್ಲ ಮಾತ್ರೆಗಳನ್ನೂ ವೈದ್ಯರಿಗೆ ತೋರಿಸಿ. ಹಿರಿಯರು ಸಾಕೆಂದರೆ ವಾದ ಮಾಡದೆ ಎಬ್ಬಿಸಿಕೊಂಡು ಬನ್ನಿ. ಉರಿ ಗೊತ್ತಾಗುವುದು ಬಿಸಿಲಲ್ಲಿ ಕೂತವರಿಗೆ, ಪಕ್ಕದಲ್ಲಿ ನಿಂತು ಹೇಳುವವರಿಗಲ್ಲ.